ಕಲ್ಲು ನೆಡುವ ಮೊದಲೇ ಠರಾವು ಬರೆಯೋಣ

ನೀರು ಬಂದ ಸೀಮೆಗೆ ರಸ್ತೆಯೂ ಬರುತ್ತದೆ, ರಸ್ತೆ ಬಂದ ಸೀಮೆಗೆ ನಿವೇಶನದ ದಲ್ಲಾಳಿಯೂ ಬರುತ್ತಾನೆ. ಹಿರಿಯೂರು ಸೀಮೆಯಲ್ಲಿ, ಅದರಲ್ಲೂ ಬಬ್ಬೂರಿನಂಥ ಪೇಟೆಯಂಚಿನ ಊರುಗಳಲ್ಲಿ, ಈ ಮೂರೂ ಈಗ ಒಟ್ಟಿಗೆ ಬಂದು ನಿಂತಿವೆ. ಆದ್ದರಿಂದ ಈ ಸಂಚಿಕೆಯಲ್ಲಿ ಧಾರಣೆಯ ವಿಚಾರವನ್ನೂ ಕೊಳೆರೋಗದ ವಿಚಾರವನ್ನೂ ಬದಿಗಿಟ್ಟು, ತೋಟ ನಿಂತಿರುವ ನೆಲದ ವಿಚಾರವನ್ನೇ ಸದಸ್ಯ ಬಾಂಧವರ ಮುಂದೆ ಇಡಬೇಕೆಂದು ನಮಗೆ ತೋರಿದೆ.

ಮಾರಿಕಣಿವೆಯ ಕಟ್ಟೆಯ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಮೈಸೂರು ಸಂಸ್ಥಾನದ ರಾಜಮಾತೆಯವರ ಹೆಸರಿನಲ್ಲಿ ಅದು ವಾಣಿವಿಲಾಸ ಸಾಗರವಾಯಿತು. ಆ ನೀರನ್ನು ನಂಬಿ ನಮ್ಮ ಅಜ್ಜಂದಿರು ಅಡಿಕೆ ತೆಂಗು ಇಟ್ಟರು. 1933ರಲ್ಲಿ ಕೋಡಿ ಬಿದ್ದ ಕೆರೆ ಆಮೇಲೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಗಳ ತರುವಾಯ. 2025ರ ಜನವರಿಯಲ್ಲಿ ಮತ್ತೆ ಕೋಡಿ ಹರಿಯಿತು. ನಡುವಿನ ಬರಗಾಲದ ವರ್ಷಗಳಲ್ಲಿ ಟ್ಯಾಂಕರಿನಲ್ಲಿ ನೀರು ತಂದು ಗಿಡ ಉಳಿಸಿಕೊಂಡವರಿಗೆ ಒಂದೊಂದು ಮರದ ಬೆಲೆ ಗೊತ್ತಿದೆ. ಭದ್ರೆಯ ನೀರು ಹರಿದು ಬಂದು, ತೋಟ ಉಳಿಯಿತೆಂದು ನಿಟ್ಟುಸಿರು ಬಿಡುವ ಹೊತ್ತಿಗೆ, ಅದೇ ತೋಟದ ನೆಲಕ್ಕೆ ಬೇರೆ ಗಿರಾಕಿಗಳು ಹುಟ್ಟಿಕೊಂಡಿದ್ದಾರೆ.

ಹಿರಿಯೂರು ನಾಲ್ಕು ದಿಕ್ಕಿನ ದಾರಿ ಕೂಡುವ ಊರು. ಹಿಂದೆ 4 ಎಂದು ಕರೆಯುತ್ತಿದ್ದ, ಈಗ 48 ಎಂಬ ಸಂಖ್ಯೆಯ ಬೆಂಗಳೂರು–ಪುಣೆ ಹೆದ್ದಾರಿ ಇಲ್ಲಿ ಹಾದಿದೆ. ಚಾಮರಾಜನಗರದಿಂದ ಜೇವರ್ಗಿಗೆ ಹೋಗುವ 150ಎ ಹೆದ್ದಾರಿಯೂ ಇಲ್ಲೇ ಅದನ್ನು ಸಂಧಿಸುತ್ತದೆ. ತುಮಕೂರಿನಿಂದ ಸಿರಾ, ಹಿರಿಯೂರು, ಚಿತ್ರದುರ್ಗಗಳ ಮೇಲೆ ದಾವಣಗೆರೆಗೆ ರೈಲುಮಾರ್ಗ ಮಂಜೂರಾಗಿದೆ. ಭದ್ರಾ ಮೇಲ್ದಂಡೆಯ ಕಾಲುವೆಗೂ ಜಮೀನು ಬೇಕು. ಪೇಟೆಗೆ ಬಡಾವಣೆ ಬೇಕು. ಇವೆಲ್ಲಕ್ಕೂ ನೆಲ ಒಂದೇ.

ನಾವು ರಸ್ತೆಯ ವಿರೋಧಿಗಳಲ್ಲ. ನಮ್ಮ ಅಡಿಕೆ ಭೀಮಸಮುದ್ರಕ್ಕೋ ಶಿವಮೊಗ್ಗಕ್ಕೋ ಹೋಗುವುದು ರಸ್ತೆಯ ಮೇಲೆಯೇ. ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯುವುದೂ ಮಕ್ಕಳು ಕಾಲೇಜಿಗೆ ಹೋಗುವುದೂ ಅದರ ಮೇಲೆಯೇ. ನಮ್ಮ ಪ್ರಶ್ನೆ ಬೇರೆ. ರಸ್ತೆ ಎಲ್ಲಿ ಹೋಗಬೇಕು, ಎಷ್ಟು ಅಗಲ ಹೋಗಬೇಕು, ಅದರ ಪಕ್ಕದಲ್ಲಿ ಉಳಿದ ತೋಟ ಹೇಗೆ ಬದುಕಬೇಕು ಎಂಬ ಮಾತು ನಡೆಯುವಾಗ ನಮ್ಮ ಊರಿನ ಪರವಾಗಿ ಮಾತನಾಡುವವರು ಯಾರು? ನಮ್ಮ ಉತ್ತರ: ಗ್ರಾಮ ಪಂಚಾಯಿತಿ. ಅದು ಮಾತನಾಡುವಂತೆ ಮಾಡಬೇಕಾದವರು ನಾವು.

ತೋಟ ಹಾಳಾಗುವುದು ಹೇಗೆ ಎಂಬುದನ್ನು ಮೊದಲು ನೋಡೋಣ. ಸ್ವಾಧೀನಕ್ಕೆ ಹೋದ ಗುಂಟೆಗಳಷ್ಟೇ ನಷ್ಟ ಎಂದು ಕಚೇರಿಯವರು ಲೆಕ್ಕ ಹಾಕುತ್ತಾರೆ. ಬೆಳೆಗಾರನ ಲೆಕ್ಕ ಹಾಗಿಲ್ಲ. ಒಂಬತ್ತು ಅಡಿಗೊಂದರಂತೆ ಸಾಲು ಹಿಡಿದ ತೋಟದಲ್ಲಿ ರಸ್ತೆಗೆ ನಾಲ್ಕು ಸಾಲು ಹೋಯಿತೆನ್ನಿ. ಅಂಚಿನಲ್ಲಿ ನೆರಳಿಗೆಂದು ಬೆಳೆಸಿದ ಮರಗಳೂ ಅದರ ಜೊತೆಗೆ ಹೋದವು. ಐದನೆಯ ಸಾಲು ಈಗ ಪಡುವಣ ಬಿಸಿಲಿಗೆ ಬೆತ್ತಲೆ. ಅಡಿಕೆ ಮರದ ಕಾಂಡಕ್ಕೆ ತೆಂಕಣ ಪಡುವಣ ದಿಕ್ಕಿನ ಬಿಸಿಲು ಎಷ್ಟು ಕೆಟ್ಟದ್ದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮೊದಲು ಕಾಂಡ ಹೊಂಬಣ್ಣಕ್ಕೆ ತಿರುಗಿ, ಆಮೇಲೆ ಕಂದಿ, ಸೀಳಿ, ಕೊನೆಗೆ ಗಾಳಿಗೆ ಮುರಿದು ಬೀಳುತ್ತದೆ. ಅದು ಹೋದ ಮೇಲೆ ಆರನೆಯ ಸಾಲಿನ ಸರದಿ. ಪರಿಹಾರದ ಪಟ್ಟಿಯಲ್ಲಿ ನಾಲ್ಕು ಸಾಲಿನ ಮರಗಳಿಗೆ ಮಾತ್ರ ಲೆಕ್ಕ.

ಎರಡನೆಯದು ನೀರು. ಏರಿ ಕಟ್ಟಿ ಎತ್ತರಿಸಿದ ರಸ್ತೆ ಒಂದು ಒಡ್ಡಿನಂತೆಯೇ. ಮೇಲಿನ ತೋಟದ ಬಸಿನೀರು ಹೋಗಲು ದಾರಿಯಿಲ್ಲದೆ ಬೇರು ಕೊಳೆಯುತ್ತದೆ, ಕೆಳಗಿನ ತೋಟಕ್ಕೆ ಕಾಲುವೆಯ ನೀರು ತಲುಪುವುದಿಲ್ಲ. ಮೋರಿಯನ್ನು ಎಲ್ಲಿಡಬೇಕು, ಎಷ್ಟು ದೊಡ್ಡದು ಇಡಬೇಕು ಎಂಬುದು ನಕ್ಷೆ ಬರೆಯುವಾಗ ಗೊತ್ತಾಗಬೇಕಾದ ಸಂಗತಿ. ಅದು ಗೊತ್ತಿರುವುದು ನೀರುಗಂಟಿಗೆ ಮತ್ತು ತೋಟದವನಿಗೆ. ನಕ್ಷೆ ಬರೆಯುವ ಕೊಠಡಿಗೆ ಇವರಿಬ್ಬರಿಗೂ ಕರೆ ಹೋಗುವುದಿಲ್ಲ.

ಮೂರನೆಯದು ದೂಳು. ಇದನ್ನು ಹೊಳಲ್ಕೆರೆ ಮತ್ತು ಭೀಮಸಮುದ್ರದ ಕಡೆಯ ಬಂಧುಗಳನ್ನು ಕೇಳಬೇಕು. ಅದಿರು ತುಂಬಿದ ಲಾರಿಗಳು ಓಡಾಡುವ ದಾರಿಯ ಪಕ್ಕದ ತೋಟದಲ್ಲಿ ಗರಿಯ ಮೇಲೆ ಕೆಂಪು ಪದರ ಕೂರುತ್ತದೆ, ಹಿಂಗಾರದ ಮೇಲೂ ಕೂರುತ್ತದೆ. ಸುಲಿದು ಬೇಯಿಸಿ ಕಣದಲ್ಲಿ ಹರಡಿದ ಅಡಿಕೆಯ ಮೇಲೆ ಕೂತರೆ ರಾಶಿಯ ಬಣ್ಣವೇ ಕೆಟ್ಟು ಧಾರಣೆ ಇಳಿಯುತ್ತದೆ. 2011ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ತೀರ್ಪಿನ ನಂತರ ಷರತ್ತುಗಳೊಡನೆ ಮತ್ತೆ ನಡೆಯಿತು. 2022ರ ಆಗಸ್ಟಿನಲ್ಲಿ ಎರಡೂ ಜಿಲ್ಲೆಗಳ ಒಟ್ಟು ವಾರ್ಷಿಕ ಮಿತಿಯನ್ನು 70 ಲಕ್ಷ ಟನ್ನಿನಿಂದ 150 ಲಕ್ಷ ಟನ್ನಿಗೆ ಏರಿಸಲಾಯಿತು. ಅದಿರಿನ ಮಿತಿ ಇಮ್ಮಡಿಯಾದಾಗ ಲಾರಿಯ ದಾರಿಗಳೂ ಇಮ್ಮಡಿಯಾದುವೇ, ಪಕ್ಕದ ತೋಟಗಳಿಗೆ ರಕ್ಷಣೆ ಇಮ್ಮಡಿಯಾಯಿತೇ ಎಂದು ಕೇಳುವ ಹಕ್ಕು ಆ ಊರುಗಳ ಪಂಚಾಯಿತಿಗಳಿಗೆ ಇದೆ.

ನಾಲ್ಕನೆಯದು ನಿವೇಶನ. ಇದು ಸದ್ದಿಲ್ಲದೆ ಬರುವ ರೋಗ. ರಸ್ತೆಯ ಮುಂದಿನ ಎರಡು ಎಕರೆ ಮಾರಾಟವಾಗುತ್ತದೆ. ಕೊಂಡವನು ಕಲ್ಲು ನೆಟ್ಟು, ಮಣ್ಣು ಹೊಡೆದು, ಸೈಟು ವಿಂಗಡಿಸುತ್ತಾನೆ. ಆ ಎರಡು ಎಕರೆಯೊಳಗೆ ಹಾದಿದ್ದ ಹರಿಗಾಲುವೆ ಮುಚ್ಚಿಹೋಗುತ್ತದೆ, ಹಿಂದಿನ ತೋಟಕ್ಕೆ ಗಾಡಿ ಹೋಗುವ ದಾರಿಯೂ ಮುಚ್ಚಿಹೋಗುತ್ತದೆ. ಹಿಂದಿನವನು ಗುಲಗಂಜಿಯಷ್ಟು ನೆಲವನ್ನೂ ಮಾರಿಲ್ಲ. ಆದರೂ ಮೂರು ವರ್ಷದಲ್ಲಿ ಅವನ ತೋಟ ಒಣಗಿ, ಅವನೂ ಮಾರಲು ನಿಲ್ಲುತ್ತಾನೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಈ ರೋಗಕ್ಕೆ ಗಾಳಿ ಅನುಕೂಲವಾಗಿದೆ.

ಇದು ಬಯಲುಸೀಮೆಯ ಪಾಡು ಮಾತ್ರವೆಂದು ಮಲೆನಾಡಿನ ಕಾಫಿ ಬೆಳೆಗಾರ ಬಂಧುಗಳು ಭಾವಿಸಬೇಕಾಗಿಲ್ಲ. ಸಕಲೇಶಪುರದ ಬಳಿಯ ದೋಣಿಗಾಲಿನಲ್ಲಿ 2022ರ ಜುಲೈ ಮಳೆಗೆ ಹೆದ್ದಾರಿಯ ಬದಿ ಕುಸಿದದ್ದನ್ನು ಅವರು ಕಂಡಿದ್ದಾರೆ. ಗುಡ್ಡವನ್ನು ನೆಟ್ಟಗೆ ಕಡಿದು ರಸ್ತೆ ಮಾಡಿದರೆ ಮೇಲಿನ ಕಾಫಿ ಗಿಡ ಯಾವ ಮಳೆಗಾಲದಲ್ಲಿ ಕೆಳಗಿಳಿಯುವುದೋ ಹೇಳಲಾಗದು. ತೋಟದ ಅಂಚು ರೆಸಾರ್ಟಿಗೆ ಹೋದರೆ ಹಳ್ಳದ ನೀರು ಯಾರ ಪಾಲಾಗುವುದೆಂಬುದೂ ಅವರಿಗೆ ಗೊತ್ತಿದೆ.

ಇನ್ನು ಕಾನೂನು ಏನು ಹೇಳುತ್ತದೆ? 2013ರ ಭೂಸ್ವಾಧೀನ ಕಾಯ್ದೆಯ 10ನೆಯ ಕಲಮು, ನೀರಾವರಿಯ ಬಹುಬೆಳೆ ಜಮೀನನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ತೆಗೆದುಕೊಳ್ಳಬೇಕೆಂದು ಹೇಳುತ್ತದೆ. ಓದಿದರೆ ಸಮಾಧಾನವಾಗುತ್ತದೆ. ಆದರೆ ಅದೇ ಕಲಮಿನ ಕೊನೆಯಲ್ಲಿ, ರೈಲು, ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆ, ಕಾಲುವೆ, ವಿದ್ಯುತ್ ಮಾರ್ಗ ಮುಂತಾಗಿ ಉದ್ದಕ್ಕೆ ಹೋಗುವ ಕಾಮಗಾರಿಗಳಿಗೆ ಇದು ಅನ್ವಯಿಸುವುದಿಲ್ಲ ಎಂದಿದೆ. ಹಿರಿಯೂರಿನ ಬೆಳೆಗಾರನನ್ನು ಕಾಡುವುದು ಹೆಚ್ಚಾಗಿ ಇವೇ ಕಾಮಗಾರಿಗಳು!

ರಾಷ್ಟ್ರೀಯ ಹೆದ್ದಾರಿಗೆ 1956ರ ಪ್ರತ್ಯೇಕ ಕಾಯ್ದೆಯಿದೆ. ಅದರ 3ಎ ಕಲಮಿನಂತೆ ರಾಜ್ಯಪತ್ರದಲ್ಲಿ ಪ್ರಕಟಣೆ ಬಂದ ದಿನದಿಂದ ತಕರಾರು ಸಲ್ಲಿಸಲು ಇರುವುದು 21 ದಿನ. ಆಮೇಲೆ 3ಡಿ ಘೋಷಣೆಯಾದರೆ ಜಮೀನು ಕೇಂದ್ರ ಸರ್ಕಾರಕ್ಕೆ ಸೇರಿತು. ನಮ್ಮಲ್ಲಿ ಎಷ್ಟು ಜನ ರಾಜ್ಯಪತ್ರ ಓದುತ್ತೇವೆ? ಪತ್ರಿಕೆಯ ಮೂಲೆಯಲ್ಲಿ ಬಂದ ಸರ್ವೆ ನಂಬರುಗಳ ಪಟ್ಟಿ ಕೈಗೆ ಸಿಗುವಷ್ಟರಲ್ಲಿ ಹದಿನೈದು ದಿನ ಕಳೆದಿರುತ್ತದೆ. ವಕೀಲರನ್ನು ಹುಡುಕುವಷ್ಟರಲ್ಲಿ ಉಳಿದ ಆರು ದಿನವೂ ಹೋಗುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ದುರ್ಗದ ಸೀಮೆಯವರಾದ ನಮಗೆ ಬೇರೆಯವರು ಹೇಳಬೇಕೆ?

ಅದೇ ಕಾಯ್ದೆಯಲ್ಲಿ ನಮಗೆ ಅನುಕೂಲವಾದ ಮಾತೂ ಉಂಟು. ಪರಿಹಾರ ನಿರ್ಧರಿಸುವಾಗ ಹೋದ ನೆಲದ ಬೆಲೆಯೊಂದೇ ಅಲ್ಲದೆ, ಜಮೀನು ತುಂಡಾದುದರಿಂದ ಉಳಿದ ಭಾಗಕ್ಕೆ ಆದ ನಷ್ಟವನ್ನೂ, ಮಾಲೀಕನ ಬೇರೆ ಸ್ಥಿರಾಸ್ತಿಗೆ ಆದ ಹಾನಿಯನ್ನೂ ಗಣಿಸಬೇಕೆಂದು 3ಜಿ ಕಲಮಿನಲ್ಲಿದೆ. ಮೇಲೆ ಹೇಳಿದ ಐದನೆಯ ಸಾಲಿನ ಮಾತು ಇಲ್ಲಿ ಬರಬೇಕಾದದ್ದು. ಬೆಳೆಗಾರನು ಇದನ್ನು ಬರವಣಿಗೆಯಲ್ಲಿ ಕೇಳಬೇಕು, ಸಾಕ್ಷ್ಯವನ್ನೂ ಒದಗಿಸಬೇಕು. ಬಬ್ಬೂರು ಫಾರಂನಲ್ಲಿ ಸಂಶೋಧನಾ ಕೇಂದ್ರವಿದೆ, ತೋಟಗಾರಿಕಾ ಕಾಲೇಜೂ ಇದೆ. ಬಿಸಿಲಿಗೆ ತೆರೆದುಕೊಂಡ ಸಾಲು ಏನಾಗುತ್ತದೆ ಎಂಬುದಕ್ಕೆ ತಜ್ಞರ ವರದಿಯನ್ನು ಪಂಚಾಯಿತಿಯೇ ಬರೆದು ಕೇಳಬಹುದು. ಒಬ್ಬೊಬ್ಬ ರೈತ ಅಲೆದು ತರುವುದಕ್ಕಿಂತ ಊರಿನ ಹೆಸರಿನಲ್ಲಿ ಹೋದ ಪತ್ರಕ್ಕೆ ತೂಕ ಹೆಚ್ಚು.

ಪಂಚಾಯಿತಿಯ ಸದಸ್ಯರನ್ನು ಕೇಳಿದರೆ, ಎಲ್ಲವೂ ಜಿಲ್ಲಾಧಿಕಾರಿಗಳ ಕೈಯಲ್ಲಿದೆ, ನಮ್ಮದೇನೂ ನಡೆಯುವುದಿಲ್ಲ ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಭೂಪರಿವರ್ತನೆಯ ಅಧಿಕಾರ ಭೂಕಂದಾಯ ಕಾಯ್ದೆಯ 95ನೆಯ ಕಲಮಿನಂತೆ ಜಿಲ್ಲಾಧಿಕಾರಿಗಳದು. ಹೆದ್ದಾರಿ ದೆಹಲಿಯದು. ಆದರೆ ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳ ಪಟ್ಟಿಯಲ್ಲಿ ಮೊದಲನೆಯದೇ ಕೃಷಿ. 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆಯಂತೆ ಕಟ್ಟಡಕ್ಕೆ ಪರವಾನಗಿ ಕೊಡುವುದು, ಕಾರ್ಖಾನೆಗೆ ಅನುಮತಿ ಕೊಡುವುದು, ನಿವೇಶನಕ್ಕೆ ಖಾತೆ ಮಾಡುವುದು ಪಂಚಾಯಿತಿಯ ಕೆಲಸ. ಹರಿಗಾಲುವೆ ಮುಚ್ಚಿದ ಬಡಾವಣೆಗೆ ಕಣ್ಣು ಮುಚ್ಚಿ ಪರವಾನಗಿ ಕೊಡುವುದೂ, ಕಾಲುವೆ ಬಿಡಿಸಿದ ಮೇಲೆ ಕೊಡುವುದೂ ಅದೇ ಕೈ.

ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ಕೃಷಿ ಜಮೀನಿನಿಂದ ಪಂಚಾಯಿತಿಗೆ ತೆರಿಗೆಯಿಲ್ಲ. ಅದಕ್ಕೆ ತೆರಿಗೆ ಬರುವುದು ಕಟ್ಟಡದಿಂದ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಾಗದಿಂದ. ಐದು ಎಕರೆ ತೋಟ ಐದು ಎಕರೆ ಬಡಾವಣೆಯಾದರೆ ಪಂಚಾಯಿತಿಯ ಪೆಟ್ಟಿಗೆ ತುಂಬುತ್ತದೆ. ಬೀದಿದೀಪಕ್ಕೆ, ನೀರುಗಂಟಿಯ ಸಂಬಳಕ್ಕೆ ಹಣವಿಲ್ಲದ ಪಂಚಾಯಿತಿ ಯಾವ ಕಡೆ ವಾಲುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಆದ್ದರಿಂದ ತೋಟದ ನೆಲವನ್ನು ಉಳಿಸಿಕೊಂಡ ಪಂಚಾಯಿತಿಗೆ ಅಷ್ಟು ತೆರಿಗೆಯ ನಷ್ಟವನ್ನು ಸರ್ಕಾರ ತುಂಬಿಕೊಡಬೇಕೆಂಬುದು ನಮ್ಮ ಬೇಡಿಕೆಯಾಗಬೇಕು. ಗಣಿ ಬಾಧಿತ ಊರುಗಳಿಗೆ ಒಂದು ದಾರಿ ಈಗಾಗಲೇ ಇದೆ. 2015ರ ತಿದ್ದುಪಡಿಯಂತೆ ಆದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿಯವರು ರಾಜಧನದ ಒಂದು ಪಾಲನ್ನು ಕಟ್ಟುತ್ತಾರೆ, ಹಳೆಯ ಗುತ್ತಿಗೆಯವರಾದರೆ ರಾಜಧನದ ಶೇಕಡ 30ರಷ್ಟು. ಆ ಹಣ ಬಾಧಿತ ಊರುಗಳಿಗೆ ಮೀಸಲು. ಲಾರಿ ದಾರಿಗೆ ಡಾಂಬರು, ದೂಳು ತಡೆಯುವ ಮರದ ಸಾಲು, ತೋಟದಂಚಿನ ಚರಂಡಿ ಇವನ್ನು ಪಂಚಾಯಿತಿ ಠರಾವು ಮಾಡಿ ಅಲ್ಲಿಂದ ಕೇಳಬೇಕು.

ನೆರೆಯ ಕೇರಳದಲ್ಲಿ ಏನಾಗಿದೆ ನೋಡಿ. ಕಾಸರಗೋಡಿನ ನಮ್ಮ ಕನ್ನಡ ಬೆಳೆಗಾರರಿಗೆ ಇದು ಪರಿಚಿತ. 2008ರಲ್ಲಿ ಅಲ್ಲಿ ಗದ್ದೆ ಮತ್ತು ಜೌಗು ನೆಲ ಸಂರಕ್ಷಣೆಗೆ ಕಾಯ್ದೆ ಬಂತು. ಪ್ರತಿ ಪಂಚಾಯಿತಿಯಲ್ಲೂ ಒಂದು ಸ್ಥಳೀಯ ಸಮಿತಿ. ಪಂಚಾಯಿತಿ ಅಧ್ಯಕ್ಷರೇ ಅದರ ಅಧ್ಯಕ್ಷರು, ಕೃಷಿ ಅಧಿಕಾರಿ ಸಂಚಾಲಕರು, ಗ್ರಾಮಾಧಿಕಾರಿಯ ಜೊತೆ ಮೂವರು ರೈತ ಪ್ರತಿನಿಧಿಗಳು. ಊರಿನ ಗದ್ದೆಗಳ ಪಟ್ಟಿ ಮಾಡಿಡುವುದು ಈ ಸಮಿತಿಯ ಕೆಲಸ. ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ಗೌರವಧನ ಕೊಡುವ ಕ್ರಮವೂ 2020ರಲ್ಲಿ ಆರಂಭವಾಯಿತು. ಆ ಕಾಯ್ದೆ ಗದ್ದೆಗೆ ಮಾತ್ರ, ಅಡಿಕೆ ತೋಟಕ್ಕಲ್ಲ. ಅದಕ್ಕೆ ವಿನಾಯಿತಿಗಳೂ ಹಲವು ಬಂದಿವೆ. ಆದರೆ ಊರಿನ ನೆಲದ ಪಟ್ಟಿ ಊರಿನವರ ಕೈಯಲ್ಲೇ ಇರಬೇಕೆಂಬ ತತ್ವ ನಮಗೂ ಒಪ್ಪುವಂಥದು. ತಮಿಳುನಾಡಿನವರು 2020ರಲ್ಲಿ ಕಾವೇರಿ ಮುಖಜ ಭೂಮಿಯನ್ನು ಸಂರಕ್ಷಿತ ಕೃಷಿ ವಲಯವೆಂದು ಕಾನೂನು ಮಾಡಿಕೊಂಡರು. ವಾಣಿವಿಲಾಸದ ಅಚ್ಚುಕಟ್ಟಿಗೆ ಅಂಥ ರಕ್ಷಣೆ ಏಕೆ ಇರಬಾರದು?

ನಮ್ಮ ರಾಜ್ಯದಲ್ಲೇ ಹತ್ತಿರದ ಉದಾಹರಣೆಯಿದೆ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಹೊರಟಾಗ ಅಲ್ಲಿಯ ರೈತರು ಮೂರು ವರ್ಷಕ್ಕೂ ಮೇಲ್ಪಟ್ಟು ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಆ ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಘೋಷಿಸಿದರು. ಗೆದ್ದರು, ನಿಜ. ಆದರೆ ಸಾವಿರ ದಿನಕ್ಕೂ ಮಿಕ್ಕಿ ಬೀದಿಯಲ್ಲಿ ಕೂರುವ ಶಕ್ತಿ ಎರಡು ಎಕರೆಯ ಬೆಳೆಗಾರರಾದ ನಮ್ಮಲ್ಲಿ ಎಷ್ಟು ಜನರಿಗಿದೆ? ಕೊಯ್ಲು ಯಾರು ಮಾಡುವರು, ನೀರು ಯಾರು ಕಟ್ಟುವರು? ಆ ಹಂತಕ್ಕೆ ಹೋಗದಂತೆ ಮೊದಲೇ ಎಚ್ಚರ ವಹಿಸುವುದು ನಮ್ಮಂಥವರಿಗೆ ಉಳಿದ ದಾರಿ.

ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿ ಪ್ರತಿಯೊಂದು ಊರಿನ ಸದಸ್ಯರೂ ಈ ನಾಲ್ಕು ವಿಷಯಗಳ ಠರಾವನ್ನು ಮುಂದಿಡಬೇಕೆಂದು ನಮ್ಮ ಸಲಹೆ.

ಒಂದು: ಊರಿನ ಎಲ್ಲಾ ತೋಟಗಳ, ಕೊಳವೆಬಾವಿಗಳ, ಹರಿಗಾಲುವೆ ಬಸಿಗಾಲುವೆಗಳ, ಗಾಡಿದಾರಿಗಳ ಪಟ್ಟಿಯನ್ನು ಸರ್ವೆ ನಂಬರುವಾರು ಬರೆದು ಪಂಚಾಯಿತಿಯ ಪುಸ್ತಕದಲ್ಲಿ ಇಡುವುದು. ತೋಟಗಾರಿಕೆ ಮತ್ತು ಕಂದಾಯ ಇಲಾಖೆಯವರ ಸಹಿ ಅದಕ್ಕೆ ಹಾಕಿಸುವುದು.

ಎರಡು: ಅಚ್ಚುಕಟ್ಟಿನೊಳಗಿನ ಜಮೀನಿನಲ್ಲಿ ಬಡಾವಣೆ, ಕಾರ್ಖಾನೆ, ಗೋದಾಮು ಇವುಗಳ ಅರ್ಜಿ ಬಂದರೆ, ಅಕ್ಕಪಕ್ಕದ ಹಿಡುವಳಿದಾರರಿಗೆ ತಿಳಿವಳಿಕೆ ಪತ್ರ ಕೊಟ್ಟು ಸ್ಥಳ ಮಹಜರು ಮಾಡದೆ ಪರವಾನಗಿಯಾಗಲಿ ಖಾತೆಯಾಗಲಿ ಕೊಡದಿರುವುದು.

ಮೂರು: ಯಾವುದೇ ರಸ್ತೆ, ರೈಲು, ಕಾಲುವೆ, ವಿದ್ಯುತ್ ಮಾರ್ಗದ ಅಳತೆಗೆ ಜನ ಬಂದ ದಿನವೇ ಪಂಚಾಯಿತಿ ಡಂಗುರ ಹೊಡೆಸುವುದು, ಪ್ರಕಟಣೆಯ ಪ್ರತಿ ತರಿಸಿ ಹಲಗೆಗೆ ಅಂಟಿಸುವುದು. ಪಾಳು ಅಥವಾ ಖುಷ್ಕಿ ನೆಲದ ಮೇಲೆ ಹೋಗುವ ಬದಲಿ ದಾರಿ ಇದ್ದರೆ ಅದನ್ನು ನಕ್ಷೆಯೊಡನೆ ಲಿಖಿತವಾಗಿ ಸೂಚಿಸುವುದು.

ನಾಲ್ಕು: ರಸ್ತೆ ಬಂದೇ ತೀರುವುದಾದರೆ, ಮೋರಿ, ಒಳದಾರಿ, ದನಕರು ದಾಟುವ ಜಾಗ, ಅಂಚಿನ ಮರದ ಸಾಲು ಇವೆಲ್ಲ ಕಾಮಗಾರಿಯ ಅಂದಾಜಿನಲ್ಲೇ ಸೇರಬೇಕೆಂದು ಕೇಳುವುದು.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಮತದಾರರಲ್ಲಿ ಹತ್ತನೆಯ ಒಂದು ಪಾಲು ಇಲ್ಲವೇ ನೂರು ಜನ, ಯಾವುದು ಕಡಿಮೆಯೋ ಅಷ್ಟು ಬಂದರೆ ಕೋರಂ ಆಯಿತು. ಪಂಚಾಯಿತಿಯಲ್ಲಿ ಚುನಾಯಿತರಿರಲಿ, ಆಡಳಿತಾಧಿಕಾರಿ ಇರಲಿ, ಗ್ರಾಮಸಭೆ ನಮ್ಮದು. ಮದುವೆಗೆ ಐನೂರು ಜನ ಸೇರುವ ಊರಿನಲ್ಲಿ ನೆಲದ ಮಾತಿಗೆ ನೂರು ಜನ ಸೇರದಿದ್ದರೆ ಸರ್ಕಾರವನ್ನು ದೂರಿ ಫಲವೇನು? ಇಂಥ ಠರಾವು ಹೆದ್ದಾರಿಯನ್ನು ನಿಲ್ಲಿಸಿಬಿಡುತ್ತದೆ ಎಂದು ನಾವು ಹೇಳುವುದಿಲ್ಲ. ಆದರೆ 21 ದಿನಗಳ ಗಡುವಿನಲ್ಲಿ ಬರಿಗೈಯಲ್ಲಿ ನಿಲ್ಲುವುದಕ್ಕೂ, ಎರಡು ವರ್ಷದ ಹಿಂದೆಯೇ ಬರೆದ ಊರಿನ ಪುಸ್ತಕ ಹಿಡಿದು ನಿಲ್ಲುವುದಕ್ಕೂ ವ್ಯತ್ಯಾಸ ಬಹಳ.

ಕೊನೆಯದಾಗಿ ನಮ್ಮ ಮನೆಯ ಲೆಕ್ಕ. ಪಹಣಿಯ ಬೆಳೆ ಕಲಮಿನಲ್ಲಿ ಇಂದಿಗೂ ರಾಗಿ, ಶೇಂಗಾ ಎಂದೇ ಇದ್ದು ನೆಲದ ಮೇಲೆ ಇಪ್ಪತ್ತು ವರ್ಷದ ಅಡಿಕೆ ನಿಂತಿರುವ ಜಮೀನುಗಳು ಉಂಟು. ಕಾಗದದ ಮೇಲೆ ಇಲ್ಲದ ಮರಕ್ಕೆ ಪರಿಹಾರ ಕೇಳುವುದು ಹೇಗೆ? ಬೆಳೆ ಸಮೀಕ್ಷೆಯನ್ನು ರೈತರೇ ಮೊಬೈಲಿನಲ್ಲಿ ದಾಖಲಿಸಲು ಅವಕಾಶವಿದೆ. ಮಕ್ಕಳ ಕೈಗೆ ಕೊಟ್ಟು ಈ ಹಂಗಾಮಿನಲ್ಲೇ ಮಾಡಿಸಿ, ಪಹಣಿಯಲ್ಲಿ ಅದು ಏರಿದೆಯೇ ಎಂದು ನೋಡಿಕೊಳ್ಳಿ. ಅಣ್ಣತಮ್ಮಂದಿರ ವಿಭಾಗ ಬಾಯಿಮಾತಿನಲ್ಲೇ ಇದ್ದರೆ ಖಾತೆ ಮಾಡಿಸಿಕೊಳ್ಳಿ.

ಹಾಗೆಯೇ ರಸ್ತೆ ಮುಂದಿನ ಜಮೀನಿನವರಲ್ಲಿ ಒಂದು ಮಾತು. ನಿಮ್ಮ ನೆಲ ನಿಮ್ಮದು. ಸಾಲವೋ ಮಗಳ ಮದುವೆಯೋ ಕಾಯಿಲೆಯೋ, ಮಾರುವ ಕಷ್ಟ ಯಾರಿಗೂ ಬರಬಹುದು. ಮಾರಬೇಡಿ ಎಂದು ಹೇಳಲು ನಾವು ಯಾರು? ಆದರೆ ಮಾರುವ ಮೊದಲು ಹಿಂದಿನ ತೋಟದವನಿಗೆ, ನೆರೆಯ ಬೆಳೆಗಾರನಿಗೆ ಒಂದು ಮಾತು ತಿಳಿಸಿ. ಕ್ರಯಪತ್ರದಲ್ಲಿ ಹರಿಗಾಲುವೆಯನ್ನೂ ಗಾಡಿದಾರಿಯನ್ನೂ ಚೆಕ್ಕುಬಂದಿಯೊಡನೆ ಬರೆಸಿ. ಇದಕ್ಕೆ ಖರ್ಚಿಲ್ಲ, ಪತ್ರ ಬರೆಯುವವನಿಗೆ ಎರಡು ಸಾಲು ಹೆಚ್ಚಿಗೆ ಬರೆಯುವ ಕೆಲಸ. ಆ ಎರಡು ಸಾಲಿನಿಂದ ಹಿಂದಿನ ತೋಟಕ್ಕೆ ನೀರು ನಿಲ್ಲದೆ ಹರಿಯುತ್ತದೆ.